ಫೋನುಗಳು ಪಾಠ ಕಲಿತವು

ನಮ್ಮ ಕಾರ್ಖಾನೆಯಲ್ಲಿ ಪಾಠ ಕಲಿಯುತ್ತಿದ್ದದ್ದು ನಾವಲ್ಲ, ನಮ್ಮ ಫೋನುಗಳು.

ಬೆಳಿಗ್ಗೆ ಗೇಟಿನಲ್ಲಿ ಫೋನು ಒಪ್ಪಿಸಿ ಒಳಗೆ ಹೋಗಬೇಕು. ಮೊದಲೆಲ್ಲ ಅವು ಸಂಜೆಯವರೆಗೆ ತಗಡಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು. ಆಮೇಲೆ ಕಂಪನಿಗೆ ಆಸ್ಪತ್ರೆಗಳ ಬಟ್ಟೆ ಒಗೆಯುವ ಗುತ್ತಿಗೆ ಸಿಕ್ಕಿತು. ಕೆಲಸಗಾರರೆಲ್ಲ ಸುರಕ್ಷತೆಯ ತರಬೇತಿ ಪಡೆದಿರಬೇಕು ಎಂದು ಆಸ್ಪತ್ರೆಯವರು ಕೇಳಿದರಂತೆ. ಕಂಪನಿ ನಮ್ಮೆಲ್ಲರ ಫೋನಿಗೆ ಒಂದು ಆ್ಯಪ್ ಹಾಕಿಸಿತು.

ಅಂದಿನಿಂದ ಮೇಸ್ತ್ರಿ ಪೆಟ್ಟಿಗೆಯಿಂದ ಫೋನುಗಳನ್ನು ತೆಗೆದು, ಬಟ್ಟೆ ಮಡಿಸುವ ಮೇಜಿನ ಮೇಲೆ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸತೊಡಗಿದ. ಎಲ್ಲದರಲ್ಲೂ ಪಾಠ ಹಚ್ಚುತ್ತಿದ್ದ. ಗಲಾಟೆಯಾಗುತ್ತದೆಂದು ಎಲ್ಲದರ ಸದ್ದು ತೆಗೆಯುತ್ತಿದ್ದ. ಹಳದಿ ಟೋಪಿಯ ಗಂಡಸೊಬ್ಬ ಅಷ್ಟೂ ಫೋನುಗಳಲ್ಲಿ ತುಟಿ ಅಲ್ಲಾಡಿಸುತ್ತಿದ್ದ. ಮಾತಿನ ನಡುವೆ ಅಂಗೈಯನ್ನು ಮುಂದಕ್ಕೆ ಚಾಚುತ್ತಿದ್ದ. ಅವನೆದುರು ಕೂತು ಕೇಳುತ್ತಿದ್ದವು ಮಡಿಸಿಟ್ಟ ದಿಂಬಿನ ಚೀಲಗಳು.

"ಮೇಸ್ತ್ರಿ, ದಿಂಬುಗಳು ಪಾಸಾಗ್ತವಾ?" ಎಂದು ಚಿಕ್ಕಮ್ಮ ಕೇಳುತ್ತಿದ್ದರು.

"ನಿನಗಿಂತ ಮೊದಲು ಆಗ್ತವೆ. ಬಾಯಿ ಮುಚ್ಚಿ ಶೀಟು ಹಾಕು."

"ಆ ಟೋಪಿಯಪ್ಪ ಅಂಗೈ ತೋರಿಸ್ತಾನಲ್ಲ, ಏನಂತೆ?"

"ನಿನಗೆ ಆಶೀರ್ವಾದ ಮಾಡ್ತಿದ್ದಾನೆ."

ಎಲ್ಲರೂ ನಗುತ್ತಿದ್ದೆವು. ನಾನೂ ನಗುತ್ತಿದ್ದೆ, ಸದ್ದಿಲ್ಲದೆ.

ಅವರು ನನ್ನ ಸ್ವಂತ ಚಿಕ್ಕಮ್ಮ ಅಲ್ಲ. ಕಾರ್ಖಾನೆಯ ಎಲ್ಲರಿಗೂ ಅವರು ಚಿಕ್ಕಮ್ಮನೇ. ನನಗೆ ಸ್ವಲ್ಪ ಹೆಚ್ಚು. ಒದ್ದೆ ಶೀಟಿಗೆ ಎರಡು ತುದಿ. ಎಡದ ತುದಿ ಅವರ ಕೈಯಲ್ಲಿ, ಬಲದ ತುದಿ ನನ್ನ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಕೊಡವಬೇಕು, ಒಟ್ಟಿಗೆ ಹೆಜ್ಜೆ ಇಡಬೇಕು, ಒಟ್ಟಿಗೆ ರೋಲರಿನ ಬಾಯಿಗೆ ಕೊಡಬೇಕು. ಒಬ್ಬರು ಹಿಂದಾದರೆ ಶೀಟು ಸುಕ್ಕಾಗುತ್ತದೆ. ಸುಕ್ಕಾದರೆ ಬೈಗುಳ. ರೋಲರ್ ಎಂದರೆ ಒದ್ದೆ ಬಟ್ಟೆ ಒಣಗಿಸಿ ಇಸ್ತ್ರಿ ಮಾಡುವ ಕಾದ ಕಬ್ಬಿಣದ ಉರುಳೆ, ನಾನು ಮಲಗಿದರೆ ನನಗಿಂತ ಉದ್ದ. ಅದರ ಎದುರು ದಿನವಿಡೀ ನಿಂತರೆ ಎದೆಯ ಮೇಲಿನ ಬಟ್ಟೆ ಒಣಗಿ ಗರಿಗರಿಯಾಗುತ್ತದೆ, ಬೆನ್ನು ಮಾತ್ರ ಬೆವರಿಗೆ ತೊಯ್ದೇ ಇರುತ್ತದೆ. ಬ್ಲೀಚಿಂಗ್ ನೀರಿಗೆ ಬೆರಳ ಸಂದು ಸೀಳುತ್ತದೆ. ಎಷ್ಟು ಒಗೆದರೂ ಕೆಲವು ಶೀಟುಗಳಲ್ಲಿ ರಕ್ತದ ಕಲೆ ಕಂದಾಗಿ ಉಳಿಯುತ್ತದೆ. ಯಾರದೋ ಏನೋ ಎಂದು ಮೊದಮೊದಲು ಯೋಚಿಸುತ್ತಿದ್ದೆ. ಆಮೇಲೆ ಯೋಚಿಸಲು ಹೊತ್ತು ಸಿಗಲಿಲ್ಲ.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಂಬಿ ಇತ್ತು. ಕೈ ಅದಕ್ಕೆ ತಗುಲಿದರೆ ಯಂತ್ರ ತಾನೇ ನಿಲ್ಲಬೇಕು. ಆದರೆ ದಪ್ಪ ಅಂಚಿನ ಶೀಟು ತಗುಲಿದರೂ ನಿಲ್ಲುತ್ತಿತ್ತು. ನಿಂತರೆ ಕೆಲಸ ಹಿಂದೆ ಬೀಳುತ್ತದೆ. ಹಾಗಾಗಿ ಮೇಸ್ತ್ರಿ ಆ ಕಂಬಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದು ಕಟ್ಟಿದ್ದ. ನಾನು ಕೆಲಸಕ್ಕೆ ಸೇರಿದಾಗಲೇ ಅದು ಹಾಗಿತ್ತು. ಅದು ಯಾಕಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಊಟದ ಚೀಲ ತೂಗುಹಾಕುವುದಕ್ಕೆ ಎಂದುಕೊಂಡಿದ್ದೆ. ತೂಗುಹಾಕುತ್ತಲೂ ಇದ್ದೆ.

ಮೇಸ್ತ್ರಿ ನನ್ನನ್ನು ಮೂಗಿ ಎನ್ನುತ್ತಿದ್ದ. ಅಮ್ಮ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟೆ. ಶಾಲೆಯಲ್ಲೂ ಬಾಯಿ ಬಿಟ್ಟವಳಲ್ಲ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದೆ. ಆದರೆ ಓದಬೇಕೆಂಬ ಆಸೆ ಸಾಯಲಿಲ್ಲ. ಶಾಲೆ ಬಿಟ್ಟವರಿಗಾಗಿ ಯಾರೋ ಒಬ್ಬ ಟೀಚರ್ ಫೋನಿನಲ್ಲಿ ಗುಂಪು ಮಾಡಿದ್ದಾರೆಂದು ತಿಳಿದು ಸೇರಿದೆ. ಅವರು ಹತ್ತನೇ ತರಗತಿಯ ಪರೀಕ್ಷೆಗೆಂದು ದಿನಾ ಒಂದು ಪಾಠದ ವಿಡಿಯೊ ಹಾಕುತ್ತಿದ್ದರು. ನಾನು ಅವರನ್ನು ನೋಡಿಲ್ಲ, ಅವರು ನನ್ನನ್ನು ನೋಡಿಲ್ಲ. ನನಗೆ ಅದೇ ಬೇಕಿತ್ತು. ಫೋನಿನ ಪಾಠದಲ್ಲಿ ಒಂದು ಸುಖವಿದೆ. ನಿಲ್ಲು ಎಂದರೆ ನಿಲ್ಲುತ್ತದೆ. ಹಿಂದಕ್ಕೆ ಹೋಗು ಎಂದರೆ ಹೋಗುತ್ತದೆ. ಎಷ್ಟು ಸಲ ಕೇಳಿದರೂ "ತಲೇಲೇನು ಸಗಣಿ ತುಂಬಿದೆಯಾ" ಎನ್ನುವುದಿಲ್ಲ. ಶಾಲೆಯಲ್ಲಿ ತಿಂಗಳುಗಟ್ಟಲೆ ತಿಳಿಯದ ಭಿನ್ನರಾಶಿಯನ್ನು ನಾನು ಅಮ್ಮನ ಕಾಲು ಒತ್ತುತ್ತಾ ಕಲಿತೆ.

ಚಿಕ್ಕಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಅವರು ಕಲಿತ ರೀತಿಯೇ ಬೇರೆ. ಫೋನಿಗೆ ಹೇಳಿದರೆ ಅದೇ ಬರೆಯುತ್ತದಲ್ಲ, ಅದನ್ನು ಅವರ ಮಗಳು ತೋರಿಸಿಕೊಟ್ಟಿದ್ದಳು. ಮನೆಗೆ ನಡೆದು ಹೋಗುವಾಗ ಚಿಕ್ಕಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಒಂದು ಮಾತು ಹೇಳುವರು. ಅಕ್ಷರ ಮೂಡುತ್ತದೆ. ಆಮೇಲೆ ಅದರ ಮೇಲೆ ಬೆರಳಾಡಿಸುವರು. ಹಾಗೆ ಅವರು ಮೊದಲು ಕಲಿತ ಮಾತು "ಮೇಸ್ತ್ರಿ ಕತ್ತೆ."

"ಇದರಲ್ಲಿ ಮೇಸ್ತ್ರಿ ಯಾವುದು, ಕತ್ತೆ ಯಾವುದು ಮಗಳೇ?"

ತೋರಿಸಿದೆ.

"ಎರಡಕ್ಕೂ ಬಾಲ ಇದೆಯಲ್ಲೇ! ಮೇಸ್ತ್ರಿದು ಇನ್ನೂ ಉದ್ದ."

ರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕರು. ಹೀಗೆ ಬೈಗುಳದಿಂದ ಶುರುವಾದ ಅವರ ಓದು ಅಂಗಡಿಯ ಹಲಗೆಗಳವರೆಗೆ ಬಂದಿತ್ತು. ಔಷಧದ ಅಂಗಡಿ ಎಂದು ಓದಿದ ದಿನ ನನ್ನ ಬೆನ್ನಿಗೆ ಗುದ್ದಿ, "ನೋಡ್ದ್ಯಾ?" ಎಂದರು. ಎರಡು ದಿನ ಬೆನ್ನು ನೋಯುತ್ತಿತ್ತು.

ಕಂಪನಿಯ ಪಾಠ ಬಂದ ಮೇಲೆ ನಮ್ಮ ಪಾಠ ನಿಂತಿತು. ಮೇಜಿನ ಮೇಲೆ ದಿನವಿಡೀ ಓಡುವ ವಿಡಿಯೊ ನಮ್ಮ ನೆಟ್ಟನ್ನೇ ತಿನ್ನುತ್ತಿತ್ತು. ಸಂಜೆ ಫೋನು ಕೈಗೆ ಬರುವಾಗ ಅದರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಟೀಚರಮ್ಮನ ಪಾಠ ತೆರೆದರೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತಿತ್ತು. ಚಿಕ್ಕಮ್ಮ ಎಷ್ಟು ಸಲ ಮಾತು ಹೇಳಿದರೂ ಅಕ್ಷರ ಮೂಡುತ್ತಿರಲಿಲ್ಲ.

ಮೇಸ್ತ್ರಿಗೆ ಹೇಳಿದ್ದಾಯಿತು. "ಕಲಿಯೋದು ಯಾರಿಗೋಸ್ಕರ? ನನಗಾ? ನಿಮಗೋಸ್ಕರ ತಾನೆ?" ಎಂದ.

"ಕುರಿ ಕೇಳಿ ಮಸಾಲೆ ಅರೀತಾರಾ, ಬಾರೇ," ಎಂದು ನನ್ನನ್ನು ಎಳೆದುಕೊಂಡು ಹೋದವಳು ರೇಡಿಯೋ. ಬಟ್ಟೆ ಮಡಿಸುವವಳು. ಬಾಯಿ ನಿಲ್ಲಿಸದವಳಾದ್ದರಿಂದ ಆ ಹೆಸರು.

ಆ ಆ್ಯಪಿಗೆ ಒಂದು ಅನುಮಾನವಿತ್ತು. ಎದುರಿಗೆ ನಿಜವಾಗಿ ಮನುಷ್ಯರಿದ್ದಾರೋ ಇಲ್ಲವೋ ಎಂದು. ಪಾಠದ ನಡುವೆ ಪರದೆಯ ಮೇಲೆ ಒಂದು ದುಂಡು ಬಂದು ಮುಖ ಕೇಳುತ್ತಿತ್ತು. ಆ ದುಂಡಿನೊಳಗೆ ಮುಖವಿಟ್ಟು ಕಣ್ಣು ಮಿಟುಕಿಸಬೇಕು. ಇಲ್ಲವಾದರೆ ಪಾಠ ಮೊದಲಿಂದ, ಅದಕ್ಕೇ ಅದು ದಿನವಿಡೀ ಓಡುತ್ತಿದ್ದದ್ದು. ದುಂಡು ಬಂದಾಗ ಮೇಸ್ತ್ರಿ ಆ ಫೋನನ್ನು ಎತ್ತಿಕೊಂಡು ಓಡಿಬರುತ್ತಿದ್ದ. ಯಂತ್ರ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಕಾವು ಇಳಿಯುತ್ತದೆ. ನಮ್ಮ ಕೈ ಶೀಟಿನಲ್ಲಿ. ಶೀಟು ರೋಲರಿನಲ್ಲಿ. ಮುಖಕ್ಕೆ ಫೋನು.

"ಮುಖ ಎತ್ತು. ಮಿಟುಕಿಸು. ಹ್ಞಾ, ಆಯ್ತು."

ಕೊನೆಗೆ ಬರುವ ಪ್ರಶ್ನೆಗಳ ಉತ್ತರ ಅವನಿಗೆ ಬಾಯಿಪಾಠ. ಅವನೇ ಒತ್ತುತ್ತಿದ್ದ. ನಾವೆಲ್ಲ ಪಾಸು.

ಅಂದು ಫೋನು ಕೇಳಿದ್ದು ಚಿಕ್ಕಮ್ಮನ ಮುಖವನ್ನು. ಆಸ್ಪತ್ರೆಯ ದೊಡ್ಡ ಶೀಟು, ನೀರು ಸರಿಯಾಗಿ ಹಿಂಡಿರಲಿಲ್ಲ, ಭಾರವಿತ್ತು. ನಾವಿಬ್ಬರೂ ತುದಿ ಕೊಟ್ಟಿದ್ದೆವು. ಮೇಸ್ತ್ರಿ ಅವರ ಎಡಕ್ಕೆ ಬಂದು ಫೋನು ಹಿಡಿದ.

"ಮುಖ ಎತ್ತು."

"ತಡಿ ಮೇಸ್ತ್ರಿ, ಇದೊಂದು ಹೋಗ್ಲಿ."

"ತಡಿಯೋಕಾಗಲ್ಲ. ಎತ್ತೇ!"

ಚಿಕ್ಕಮ್ಮ ಮುಖ ಎತ್ತಿದರು. ನನ್ನ ಕೈಯಲ್ಲಿದ್ದ ತುದಿ ಜಗ್ಗಿತು. ಎಂದೂ ಹಾಗೆ ಜಗ್ಗಿರಲಿಲ್ಲ. ತಿರುಗಿ ನೋಡಿದೆ. ಶೀಟಿನ ಜೊತೆ ಅವರ ಕೈ ಹೋಗುತ್ತಿತ್ತು. ಅವರು ಕೂಗಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಮೊದಲು ಬಂದದ್ದು ವಾಸನೆ. ಆಮೇಲೆ ಸದ್ದು.

ಯಾರೋ ಓಡಿ ಗೋಡೆಯ ಕರೆಂಟು ತೆಗೆದರು. ನಾನು ಅವರ ಸೊಂಟ ಹಿಡಿದುಕೊಂಡಿದ್ದೆ. ಯಾಕೆ ಹಿಡಿದೆನೋ ಗೊತ್ತಿಲ್ಲ. ಉರುಳೆ ನಿಂತರೂ ಕಾವು ತಕ್ಷಣ ಇಳಿಯುವುದಿಲ್ಲ. ಕೈ ತೆಗೆಯಲು ಉರುಳೆಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಅಷ್ಟು ಹೊತ್ತೂ ಮೇಸ್ತ್ರಿ ಫೋನು ಹಿಡಿದೇ ನಿಂತಿದ್ದ. ಅದರ ಮೇಲೆ ಹಸಿರು ಗುರುತು ಬಂದಿತ್ತು. ಅದಕ್ಕೆ ಮುಖ ಸಿಕ್ಕಿತ್ತು.

ಆ ದಿನವೂ ಚಿಕ್ಕಮ್ಮ ಪಾಸಾದರು.

ಎಡಗೈಯ ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳನ್ನು ಡಾಕ್ಟರು ತೆಗೆದರು. ಮೊದಲು ಕಂಪನಿಯವರು ಆಸ್ಪತ್ರೆಗೆ ಬಂದು ಹಣ್ಣು ಕೊಟ್ಟರು. ಆಮೇಲೆ ಬರಲಿಲ್ಲ. ಚಿಕ್ಕಮ್ಮನ ಮಗಳು ಪರಿಹಾರ ಕೇಳಿ ಆಫೀಸಿಗೆ ಹೋದಳು. ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರಂತೆ. ನಿಮ್ಮಮ್ಮ ಎಲ್ಲ ಪಾಠ ಮುಗಿಸಿದ್ದಾರೆ, ಎಲ್ಲದರಲ್ಲೂ ಪಾಸು. ಯಂತ್ರದ ಹತ್ತಿರ ಫೋನು ನೋಡಬಾರದು ಅನ್ನೋದೂ ಅದರಲ್ಲೇ ಇದೆ. ತಿಳಿದೂ ನೋಡಿದ್ದಾರೆ. ತಪ್ಪು ಅವರದೇ.

ಮಗಳು ಕಾರ್ಮಿಕರ ಕಚೇರಿಗೆ ದೂರು ಕೊಟ್ಟಳು. ವಿಚಾರಣೆ ಆಗುತ್ತದೆ ಎಂದಾಯಿತು. ಆಗ ಕಂಪನಿಗೆ ನನ್ನ ನೆನಪಾಯಿತು. ಶೀಟಿನ ಇನ್ನೊಂದು ತುದಿ ಹಿಡಿದವಳು ನಾನು ತಾನೆ.

ದೊಡ್ಡ ಆಫೀಸಿನಿಂದ ತರಬೇತಿ ಮೇಡಂ ಬಂದರು. ಮೇಸ್ತ್ರಿ ನನ್ನನ್ನು ಅವರ ಮುಂದೆ ನಿಲ್ಲಿಸಿ, "ಇವಳೇ ಮೇಡಂ. ಮಾತು ಕಮ್ಮಿ. ಕಲಿಸಿದ್ರೆ ಹೇಳ್ತಾಳೆ" ಎಂದ.

"ಕೂತ್ಕೊಳ್ಳಿ" ಎಂದರು ಮೇಡಂ. ಆ ಕಟ್ಟಡದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತೆ.

"ನೀವು ಫೋನಲ್ಲೇ ಹತ್ತನೇ ತರಗತಿ ಪಾಠ ಓದ್ತೀರಂತೆ? ತುಂಬಾ ಖುಷಿಯಾಯ್ತು. ನಿಮ್ಮಂಥವರ ಕತೆ ನಾಲ್ಕು ಜನಕ್ಕೆ ತಿಳೀಬೇಕು. ಒಂದು ಸಣ್ಣ ವಿಡಿಯೊ ಮಾಡೋಣ. ಇಲ್ಲಿ ಹೇಗೆ ಕಲೀತೀರಿ ಅಂತ ಹೇಳಿ. ಕೂರಿಸಿ ಪಾಠ ತೋರಿಸ್ತಾರೆ, ಹೊತ್ತು ಕೊಡ್ತಾರೆ, ಅಂತ. ಆಮೇಲೆ ಆ ದಿನದ ವಿಷಯ. ಅವರು ಫೋನು ನೋಡ್ತಾ ಇದ್ರು, ಅಷ್ಟು ಹೇಳಿದ್ರೆ ಸಾಕು. ಸುಳ್ಳೇನಲ್ಲವಲ್ಲ?"

ಸುಳ್ಳಲ್ಲ. ಅವರು ಫೋನು ನೋಡುತ್ತಿದ್ದರು.

"ಕಂಪನಿ ನಿಮ್ಮ ಪರೀಕ್ಷೆ ಕಟ್ಟಿಸತ್ತೆ. ಕಂಪ್ಯೂಟರ್ ಕಲಿಸತ್ತೆ. ಆಮೇಲೆ ಆಫೀಸಲ್ಲೇ ಕೆಲಸ. ಈ ಬಿಸಿ, ಈ ನೀರು ಏನೂ ಇರಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಆಸೆಯೇ ಆಗಲಿಲ್ಲ ಎಂದರೆ ಅದು ಸುಳ್ಳು. ಆ ದಿನ ಶೀಟು ಕೊಡವುತ್ತಾ ಕಂಪ್ಯೂಟರಿನ ಮುಂದೆ ಕೂತ ನನ್ನನ್ನು ನೋಡಿದೆ. ಕೈ ಒಣಗಿತ್ತು. ಉಗುರು ಉದ್ದ ಬಿಟ್ಟಿದ್ದೆ.

ಅಮ್ಮನಿಗೆ ಹೇಳಿದೆ. ಅಮ್ಮ ಗೋಡೆಯ ಕಡೆ ತಿರುಗಿಕೊಂಡೇ ಮಾತಾಡಿದಳು.

"ಹೇಳಿ ಬಂದ್ಬಿಡು. ನೀನು ಹೇಳದೇ ಇದ್ರೆ ಅವಳ ಬೆರಳು ಚಿಗುರುತ್ತಾ?"

"ಅವರದೇ ತಪ್ಪು ಅಂತಾಗತ್ತಮ್ಮ."

"ಬಡವರದು ಯಾವತ್ತು ತಪ್ಪಿರಲಿಲ್ಲ? ನೀನಾದ್ರೂ ದಡ ಸೇರು."

ಅಮ್ಮ ಕೆಟ್ಟವಳಲ್ಲ. ಅವಳ ಸೊಂಟ ಮುರಿದದ್ದೂ ಬೇರೆಯವರ ಮನೆಯ ಮೆಟ್ಟಿಲು ತೊಳೆಯುವಾಗ. ಅಲ್ಲಿಯೂ ತಪ್ಪು ಅವಳದೇ ಆಗಿತ್ತು.

ಮರುದಿನ ರೋಲರಿನ ಮುಂದೆ ಕುರ್ಚಿ ಹಾಕಿದರು. ನನಗೆ ಹೊಸ ಮೇಲಂಗಿ ಕೊಟ್ಟರು. ಕೈಗೆ ನನ್ನ ಫೋನು ಕೊಟ್ಟರು. ಹಿಂದೆ ರೋಲರ್ ತಿರುಗುತ್ತಿರಬೇಕು, ಅದು ಚಂದ ಕಾಣುತ್ತದೆ ಎಂದರು ಮೇಡಂ. ನಮ್ಮ ಜಾಗದಲ್ಲಿ ಹೊಸದಾಗಿ ಸೇರಿದ ಇಬ್ಬರು ಶೀಟು ಹಿಡಿದು ನಿಂತರು. ಮೇಸ್ತ್ರಿ ವಿಡಿಯೊಗಾಗಿ ಕಂಬಿಯ ತಂತಿ ಬಿಚ್ಚಿ ಅದನ್ನು ಕೆಳಗಿಳಿಸಿದ. ಮೊದಲ ಶೀಟಿಗೇ ಯಂತ್ರ ನಿಂತಿತು. ಮತ್ತೆ ಹಚ್ಚಿದ. ಮತ್ತೆ ನಿಂತಿತು.

"ಹೀಗಾದ್ರೆ ಸಂಜೆಯಾಗತ್ತೆ ಮೇಡಂ," ಎಂದು ಮತ್ತೆ ಮೇಲಕ್ಕೆ ಕಟ್ಟಿದ.

"ಸರಿ, ಆ ತಂತಿ ಕಾಣಬಾರದು. ನೀವು ಕುರ್ಚಿ ಸ್ವಲ್ಪ ಈ ಕಡೆ ಎಳ್ಕೊಳ್ಳಿ," ಎಂದು ಮೇಡಂ ನನಗೆ ಹೇಳಿದರು. ನಾನು ಕುರ್ಚಿ ಎಳೆದುಕೊಂಡೆ. ನನ್ನ ತಲೆ ಆ ತಂತಿಯನ್ನು ಮುಚ್ಚಿತು.

"ಪಾಠ ಹಚ್ಚಿ. ಸುಮ್ನೆ ನೋಡ್ತಾ ಇರಿ. ನಾನು ಹೇಳಿದಾಗ ಮಾತಾಡಿ."

ಹಚ್ಚಿದೆ. ಸದ್ದು ತೆಗೆದಿರಲಿಲ್ಲ. ಹಳದಿ ಟೋಪಿಯವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಮೆತ್ತಗಿನ ದನಿ. ನಮ್ಮ ಮಾತಿನಲ್ಲೇ ಹೇಳುತ್ತಿದ್ದ. ನಿಮ್ಮ ಯಂತ್ರದ ಬಾಯಿಗೆ ಅಡ್ಡ ಕಂಬಿ ಇದೆಯೇ ನೋಡಿ. ಅದು ನಿಮ್ಮ ಕೈ ಉಳಿಸುವ ಕಂಬಿ. ಅದನ್ನು ಯಾರಾದರೂ ಕಟ್ಟಿದ್ದರೆ, ತೆಗೆದಿದ್ದರೆ, ಕೆಲಸ ಮಾಡಬೇಡಿ. ಕೆಂಪು ಗುಂಡಿ ಒತ್ತಿ. ಯಂತ್ರ ನಿಲ್ಲಿಸಿ. ನಿಲ್ಲಿಸುವುದು ನಿಮ್ಮ ಹಕ್ಕು. ಅದಕ್ಕಾಗಿ ನಿಮ್ಮನ್ನು ಯಾರೂ ಶಿಕ್ಷಿಸುವಂತಿಲ್ಲ.

ಹಾಗೆ ಹೇಳುತ್ತಾ ಅವನು ಅಂಗೈಯನ್ನು ಮುಂದಕ್ಕೆ ಚಾಚಿದ. ಒಂದು ಕೆಂಪು ಗುಂಡಿಯನ್ನು ಒತ್ತಿದ.

ಅದು ಆಶೀರ್ವಾದವಾಗಿರಲಿಲ್ಲ. ಅವನು ದಿನಾ, ಅಷ್ಟೂ ಫೋನುಗಳಲ್ಲಿ, ನಿಲ್ಲಿಸಿ ನಿಲ್ಲಿಸಿ ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

"ಈಗ ಹೇಳಿ," ಎಂದರು ಮೇಡಂ.

ನಾನು ಎದ್ದೆ. ರೋಲರಿನ ಪಕ್ಕಕ್ಕೆ ಹೋದೆ. ಕೆಂಪು ಗುಂಡಿಯ ಮೇಲೆ ಯಾರದೋ ಒದ್ದೆ ಟವೆಲ್ ನೇತಾಡುತ್ತಿತ್ತು. ತೆಗೆದು ಎಸೆದೆ. ಒತ್ತಿದೆ.

ಉರುಳೆ ನಿಂತಿತು.

"ಯಾರೇ ನಿಲ್ಲಿಸಿದ್ದು?" ಮೇಸ್ತ್ರಿ ಕೂಗಿದ.

"ನಾನು."

"ಯಾಕೆ?"

"ಪಾಠದಲ್ಲಿ ಹೇಳಿದ್ರು."

ಹಿಂದೆ ಯಾರೋ ಕಿಸಕ್ಕೆಂದರು. ರೇಡಿಯೋ ಇರಬೇಕು.

"ತಲೆ ಕೆಟ್ಟಿದೆಯಾ ಮೂಗಿ? ಹೋಗಿ ಕೂತ್ಕೋ."

"ಕೂರಲ್ಲ. ಮೇಡಂ, ನಾನು ಹೇಳ್ತೀನಿ, ನೀವು ಕ್ಯಾಮೆರಾ ಹಿಡ್ಕೊಳ್ಳಿ." ನನ್ನ ದನಿ ಸೀಳಿತ್ತು. ನಿಲ್ಲಿಸಲಿಲ್ಲ. "ನಮ್ಮನ್ನ ಯಾರೂ ಯಾವತ್ತೂ ಕೂರಿಸಿಲ್ಲ. ಈ ಪಾಠ ನಾನು ಕೇಳಿದ್ದು ಇವತ್ತೇ. ಚಿಕ್ಕಮ್ಮ ಕೇಳೇ ಇಲ್ಲ. ಅವರು ಫೋನು ನೋಡಿದ್ದು ನಿಜ. ಅದನ್ನ ಅವರ ಮುಖಕ್ಕೆ ಹಿಡಿದಿದ್ದು ಮೇಸ್ತ್ರಿ. ಒಂದು ಶೀಟು ತಡಿ ಅಂದ್ರು. ಇವನು ತಡೀಲಿಲ್ಲ. ಕಂಬಿ ಕಟ್ಟಿದ್ದೂ ಇವನೇ. ನಾನು ಕೂತಿದ್ದ ಕುರ್ಚಿ ಹಿಂದೆ ಇದೆ ನೋಡಿ ತಂತಿ. ಈಗಲೂ ಇದೆ."

ಮೇಡಂ ಕ್ಯಾಮೆರಾ ಇಳಿಸಿದರು. ಆಫ್ ಮಾಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. "ನೀವು ನಿಮ್ಮ ಓದು ಹಾಳು ಮಾಡ್ಕೋತಿದೀರಿ" ಎಂದರು. ದನಿ ಆಗಲೂ ಮೆತ್ತಗಿತ್ತು.

ಮೇಸ್ತ್ರಿ ನನ್ನನ್ನು ತಳ್ಳಿ ಯಂತ್ರ ಹಚ್ಚಿದ. "ಹಾಕ್ರೇ ಶೀಟು!"

ಎಡಗಡೆ ನಿಂತಿದ್ದ ಹೊಸಬಳು ಅವನನ್ನು ನೋಡಿದಳು, ಕಂಬಿಯನ್ನು ನೋಡಿದಳು. ಶೀಟಿನ ತುದಿ ಬಿಟ್ಟಳು. ಇನ್ನೊಬ್ಬಳೂ ಬಿಟ್ಟಳು. ಒದ್ದೆ ಶೀಟು ದೊಪ್ಪೆಂದು ನೆಲಕ್ಕೆ ಬಿತ್ತು.

"ತಂತಿ ಬಿಚ್ಚು ಮೇಸ್ತ್ರಿ. ಇಲ್ಲಾ ನೀನೇ ಹಾಕು," ಎಂದಳು ರೇಡಿಯೋ. "ನಾನು ಬೇಕಾದ್ರೆ ನಿನ್ನ ಮುಖಕ್ಕೆ ಫೋನು ಹಿಡೀತೀನಿ."

ಮೇಸ್ತ್ರಿ ರೋಲರಿನ ಹತ್ತಿರ ಬರಲಿಲ್ಲ. ಅವನ ಎರಡೂ ಕೈ ಬೆನ್ನ ಹಿಂದೆ ಹೋಗಿದ್ದವು. ಅದು ಅವನಿಗೇ ಗೊತ್ತಾದಂತಿರಲಿಲ್ಲ. ಖಾಲಿ ಉರುಳೆ ತಿರುಗುತ್ತಲೇ ಇತ್ತು. ಯಾರೂ ಕದಲಲಿಲ್ಲ.

ಊಟದ ಹೊತ್ತಿಗೆ ತಂತಿ ಬಿಚ್ಚಿದರು. ನನ್ನನ್ನು ಗೇಟಿನಿಂದ ಆಚೆ ಹಾಕಿದರು. ಹೊಸ ಮೇಲಂಗಿಯನ್ನು ಅಲ್ಲೇ ಕಳಚಿಸಿಕೊಂಡರು.

ನೇರ ಆಸ್ಪತ್ರೆಗೆ ಹೋದೆ. ಚಿಕ್ಕಮ್ಮ ಗೋಡೆಗೆ ಒರಗಿ ಕೂತಿದ್ದರು. ಕಟ್ಟು ಹಾಕಿದ ಕೈ ಮಡಿಲಲ್ಲಿತ್ತು. ಅವರ ಕೆಳಗಿನ ಶೀಟಿನ ಮೂಲೆಯಲ್ಲಿ ನಮ್ಮ ಕಾರ್ಖಾನೆಯ ಗುರುತಿತ್ತು. ನೋಡಿಯೂ ನೋಡದ ಹಾಗೆ ಕೂತೆ. ಆದದ್ದೆಲ್ಲ ಹೇಳಿದೆ.

"ಕೆಲಸ ಹೋಯ್ತಾ?"

"ಹೋಯ್ತು."

"ಪರೀಕ್ಷೆ ಕಟ್ಟಿಸ್ತೀವಿ ಅಂದಿದ್ದು?"

"ಅದೂ."

"ದಡ್ಡಿ," ಎಂದರು. ಎಡಗೈ ಎತ್ತಲು ಹೋಗಿ ಬಿಟ್ಟು, ಬಲಗೈಯಿಂದ ನನ್ನ ಕೆನ್ನೆ ತಟ್ಟಿದರು. "ವಿಚಾರಣೆಗೆ ಕರೆದ್ರೆ?"

"ಬರ್ತೀನಿ. ಇದನ್ನೇ ಹೇಳ್ತೀನಿ."

ನನ್ನ ಫೋನಿನ ಕಡೆ ಕಣ್ಣು ಹಾಯಿಸಿದರು. ಆಮೇಲೆ, "ಅದೇನಿದೆಯಂತೆ ಆ ಪಾಠದಲ್ಲಿ? ಹಾಕು ನೋಡೋಣ" ಎಂದರು.

ಕಂಪನಿಯವರು ಆ್ಯಪಿನಿಂದ ನನ್ನನ್ನು ಇನ್ನೂ ತೆಗೆದಿರಲಿಲ್ಲ. ಹಚ್ಚಿ ಇಬ್ಬರ ನಡುವೆ ಹಿಡಿದೆ. ಚಿಕ್ಕಮ್ಮ ಪರದೆಯ ಮೇಲಿನ ಅಕ್ಷರಗಳನ್ನು ತುಟಿಯಲ್ಲೇ ಕೂಡಿಸುತ್ತಾ ಕೇಳಿದರು. ಕಂಬಿಯ ಮಾತು ಬಂತು. ಗುಂಡಿಯ ಮಾತು ಬಂತು. ಪಾಠ ಮುಗಿಯಿತು.

"ಇಷ್ಟೇನಾ?"

"ಇಷ್ಟೇ ಚಿಕ್ಕಮ್ಮ."

ಮತ್ತೆ ಏನಾದರೂ ಬರಬಹುದೆಂಬಂತೆ ಅವರು ಖಾಲಿ ಪರದೆಯನ್ನು ನೋಡುತ್ತಿದ್ದರು.

"ಒಂದು ಗಾಡಿ ಶೀಟು ಮುಗಿಯೋ ಹೊತ್ತೂ ಹಿಡೀಲಿಲ್ಲವಲ್ಲೇ ಮಗಳೇ," ಎಂದರು. "ಅಷ್ಟು ಹೊತ್ತು ಕೂರಿಸೋಕಾಗಲಿಲ್ವಾ ಅವರಿಗೆ ನಮ್ಮನ್ನ?"